ನಾಲ್ಕು ಚಕ್ರ ಚಾಲನೆಯ ವಾಹನ: ಅನುಭವಿ ಚಾಲಕನಿಗೆ ಮೋಡ್ ಗುಂಡಿ ಬೇಕೇ?

ಮಲೆನಾಡಿನ ಕಾಫಿ, ಅಡಿಕೆ, ಏಲಕ್ಕಿ ತೋಟಗಳಿಗೆ ಕ್ಷೇತ್ರ ಭೇಟಿಗೆ ಹೋದಾಗ, ಬೆಳೆಯ ವಿಚಾರ ಮುಗಿದ ಮೇಲೆ ರೈತ ಬಾಂಧವರು ಈಚೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾರೆ. "ಹೊಸ ಫೋರ್‌ವೀಲ್ ಗಾಡಿಗಳಲ್ಲಿ ಕೆಸರಿಗೆ ಒಂದು, ಮರಳಿಗೆ ಒಂದು ಎಂದು ಮೋಡ್‌ಗಳ ಗುಂಡಿ ಇಟ್ಟಿದ್ದಾರೆ. ಮೂವತ್ತು ವರ್ಷ ಜೀಪು ಓಡಿಸಿದವನಿಗೂ ಅದರಿಂದ ಪ್ರಯೋಜನ ಉಂಟೇ? ಅದಕ್ಕಾಗಿ ಹೆಚ್ಚು ಹಣ ಕೊಡಬೇಕೇ?" ಎಂಬುದು ಆ ಪ್ರಶ್ನೆ.

ನಾನು ಬೇಸಾಯಶಾಸ್ತ್ರದವನು, ವಾಹನ ನನ್ನ ವಿಷಯವಲ್ಲ. ಆದರೆ ಚಕ್ರ ಉರುಳುವುದು ಮಣ್ಣಿನ ಮೇಲೆ. ಮಣ್ಣಿನ ಹದ, ಭೂಮಿಯ ಇಳಿಜಾರು, ಮಳೆ ನೀರು ಹರಿಯುವ ದಾರಿ ಇವೆಲ್ಲ ನನ್ನ ವಿಷಯಗಳೇ. ಅಲ್ಲದೆ ಮಳೆಗಾಲದಲ್ಲಿ ಇಂತಹ ವಾಹನಗಳಲ್ಲಿ ತೋಟ ಸುತ್ತುವುದು ನನ್ನ ಕೆಲಸದ ಭಾಗವಾಗಿ ಬಹಳ ವರ್ಷಗಳಾದವು. ಆದುದರಿಂದ ಈ ಬಗ್ಗೆ ನನ್ನ ಅಭಿಪ್ರಾಯವನ್ನು ತಿಳಿಸುವುದು ತಪ್ಪಾಗಲಾರದು ಎಂದುಕೊಂಡಿದ್ದೇನೆ.

ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮೋಡ್‌ಗಳಿಂದ ಅನುಭವಿ ಚಾಲಕನಿಗೂ ಪ್ರಯೋಜನವಿದೆ. ಆದರೆ ಅದು ಒಂದು ಕೆಲಸದಲ್ಲಿ ಮಾತ್ರ: ಮನುಷ್ಯನ ಕೈಕಾಲಿಗೆ ಸಾಧ್ಯವಿಲ್ಲದ, ಒಂದೊಂದು ಚಕ್ರವನ್ನು ಬೇರೆ ಬೇರೆಯಾಗಿ ಹಿಡಿಯುವ ಕೆಲಸದಲ್ಲಿ. ಉಳಿದ ಕೆಲಸವೆಲ್ಲ ಕಣ್ಣಿನದು ಮತ್ತು ಅನುಭವದ್ದು. ಆ ಕೆಲಸವನ್ನೂ ಗುಂಡಿಗೆ ಒಪ್ಪಿಸಿದರೆ ನಷ್ಟ ನಮಗೇ.

ಹಳೆಯ ಪದ್ಧತಿ

ಅಮೆರಿಕದಲ್ಲಿ ಎರಡನೆಯ ಮಹಾಯುದ್ಧದ ಕಾಲಕ್ಕೆ, 1941ರಲ್ಲಿ, ಸೈನ್ಯಕ್ಕಾಗಿ ತಯಾರಾದ ವಿಲ್ಲಿಸ್ ಜೀಪು ಯುದ್ಧ ಮುಗಿದ ಮೇಲೆ ಹೊಲ ತೋಟಗಳಿಗೆ ಬಂದಿತು. ನಮ್ಮ ದೇಶದಲ್ಲಿ ಮಹೀಂದ್ರ ಸಂಸ್ಥೆಯವರು 1940ರ ದಶಕದ ಕೊನೆಯಲ್ಲಿ ಇದನ್ನು ಜೋಡಿಸಲು ಆರಂಭಿಸಿದರು. ಆ ಜೀಪಿನಲ್ಲಿ ಗೇರಿನ ಸನ್ನೆಯ ಪಕ್ಕದಲ್ಲಿ ಎರಡು ಸಣ್ಣ ಸನ್ನೆಗಳಿದ್ದವು. ಒಂದು, ಮುಂದಿನ ಚಕ್ರಗಳಿಗೂ ಎಂಜಿನ್ನಿನ ಶಕ್ತಿ ಕೊಡುವುದಕ್ಕೆ. ಇನ್ನೊಂದು, ಲೋ ಗೇರಿಗೆ. ಲೋ ಹಾಕಿದರೆ ವೇಗ ಸುಮಾರು ಅರ್ಧಕ್ಕೆ ಇಳಿದು ಎಳೆಯುವ ಬಲ ಸುಮಾರು ಎರಡರಷ್ಟಾಗುತ್ತಿತ್ತು. ಇಂದಿನ ಗಾಡಿಗಳಲ್ಲಿಯೂ ಈ ಮೂಲ ವ್ಯವಸ್ಥೆ ಬಹಳ ಬದಲಾಗಿಲ್ಲ.

ನಾಲ್ಕೂ ಚಕ್ರಕ್ಕೆ ಶಕ್ತಿ ಹೋದರೂ ಜೀಪು ಏಕೆ ಸಿಕ್ಕಿಬೀಳುತ್ತದೆ? ಇದಕ್ಕೆ ಕಾರಣ ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಉರುಳಬೇಕಾದುದರಿಂದ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಅವಕಾಶ ಬೇಕು. ಡಿಫರೆನ್ಷಿಯಲ್ ಆ ಅವಕಾಶ ಕೊಡುತ್ತದೆ. ಆದರೆ ಒಂದು ಚಕ್ರ ರಾಡಿಯಲ್ಲೋ ಗಾಳಿಯಲ್ಲೋ ನಿಂತಾಗ ಶಕ್ತಿಯೆಲ್ಲ ಆ ಚಕ್ರವನ್ನು ಸುಮ್ಮನೆ ಸುತ್ತಿಸುವುದಕ್ಕೇ ಹೋಗುತ್ತದೆ. ಗಟ್ಟಿ ನೆಲದ ಮೇಲಿರುವ ಚಕ್ರ ಅಲುಗುವುದಿಲ್ಲ. ಕೊರಕಲು ಬಿದ್ದ ದಾರಿಯಲ್ಲಿ ಓರೆಯಾಗಿ ಹತ್ತುವಾಗ ಮುಂದಿನ ಒಂದು ಚಕ್ರ, ಹಿಂದಿನ ಎದುರು ಬದಿಯ ಒಂದು ಚಕ್ರ ನೆಲ ಬಿಟ್ಟರೆ ಸಾಕು, ಫೋರ್‌ವೀಲ್ ಹಾಕಿದ ಜೀಪೂ ನಿಂತಲ್ಲೇ ನಿಲ್ಲುತ್ತದೆ.

ನಮ್ಮ ಹಳೆಯ ಚಾಲಕರು ಇದಕ್ಕೆ ತಮ್ಮದೇ ಉಪಾಯಗಳನ್ನು ಕಂಡುಕೊಂಡಿದ್ದರು. ಮಳೆಗಾಲಕ್ಕೆ ಟೈರಿಗೆ ಚೈನು ಕಟ್ಟುವುದು, ಟೈರಿನ ಗಾಳಿ ಸ್ವಲ್ಪ ಇಳಿಸುವುದು, ಚಕ್ರ ಸುತ್ತತೊಡಗಿದ ಕೂಡಲೇ ಕಾಲು ಹಿಂದಕ್ಕೆ ತೆಗೆಯುವುದು, ಇಳಿಜಾರಿನಲ್ಲಿ ಲೋ ಒಂದನೇ ಗೇರು ಹಾಕಿ ಎಂಜಿನ್ನಿನ ಹಿಡಿತದಲ್ಲೇ ಇಳಿಯುವುದು ಇವು ಮುಖ್ಯವಾದವು. ಮಡಿಕೇರಿಯ ಬಳಿಯ ಮಾಂದಲಪಟ್ಟಿಗೆ ಜೀಪು ಹತ್ತಿಸುವವರನ್ನು ನೋಡಿದವರಿಗೆ ಈ ಕೌಶಲ ಎಂತಹುದೆಂದು ಬೇರೆ ಹೇಳಬೇಕಾಗಿಲ್ಲ.

ಮೋಡ್ ಮಾಡುವ ಕೆಲಸವೇನು?

ಬ್ರಿಟನ್ನಿನ ಲ್ಯಾಂಡ್ ರೋವರ್ ಸಂಸ್ಥೆ 2004ರಲ್ಲಿ ತನ್ನ ಡಿಸ್ಕವರಿ 3 ವಾಹನದಲ್ಲಿ ನೆಲಕ್ಕೆ ತಕ್ಕಂತೆ ತಿರುಗಿಸುವ ಒಂದು ಗುಂಡಿಯನ್ನು ಇಟ್ಟಿತು. ಅದರಲ್ಲಿ ಐದು ಸ್ಥಾನಗಳಿದ್ದವು: ಸಾಮಾನ್ಯ ದಾರಿ, ಹುಲ್ಲು-ಜಲ್ಲಿ-ಹಿಮ, ಕೆಸರು ಮತ್ತು ಕೊರಕಲು, ಮರಳು, ಬಂಡೆ. ನಮ್ಮ ದೇಶದಲ್ಲಿ ತಯಾರಾದ ವಾಹನಗಳಲ್ಲಿ 2022ರ ಸ್ಕಾರ್ಪಿಯೋ-ಎನ್ ಮತ್ತು 2024ರ ಥಾರ್ ರಾಕ್ಸ್‌ಗಳ ಫೋರ್‌ವೀಲ್ ಮಾದರಿಗಳು ಇಂತಹ ಮೋಡ್‌ಗಳೊಂದಿಗೆ ಬಂದವು. 2023ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಮ್ನಿಯಲ್ಲಿ ಮೋಡ್ ಗುಂಡಿ ಇಲ್ಲ. ಆದರೆ ಸುತ್ತುವ ಚಕ್ರಕ್ಕೆ ತಾನಾಗಿ ಬ್ರೇಕ್ ಹಿಡಿಯುವ ವ್ಯವಸ್ಥೆ ಇದೆ.

ಗುಂಡಿ ತಿರುಗಿಸಿದರೆ ಗಾಡಿಗೆ ಹೊಸ ಶಕ್ತಿ ಬರುವುದಿಲ್ಲ. ಇರುವ ಶಕ್ತಿಯನ್ನು ಬಳಸುವ ರೀತಿ ಬದಲಾಗುತ್ತದೆ. ಮುಖ್ಯವಾಗಿ ಮೂರು ಬದಲಾವಣೆಗಳನ್ನು ಗಮನಿಸಬಹುದು.

ಮೊದಲನೆಯದು, ಆಕ್ಸಿಲರೇಟರ್. ಹಿಮದ ಅಥವಾ ಹುಲ್ಲಿನ ಮೋಡ್‌ನಲ್ಲಿ ಕಾಲು ಒತ್ತಿದರೂ ಎಂಜಿನ್ ನಿಧಾನವಾಗಿ ಏರುತ್ತದೆ; ಚಕ್ರ ಜಾರುವುದು ಕಡಿಮೆಯಾಗುತ್ತದೆ. ಮರಳಿನ ಮೋಡ್‌ನಲ್ಲಿ ಇದಕ್ಕೆ ವಿರುದ್ಧ. ಮರಳಿನಲ್ಲಿ ಓಟ ನಿಂತರೆ ಗಾಡಿ ಹೂತುಹೋಗುವುದರಿಂದ ಎಂಜಿನ್ ಚುರುಕಾಗಿ ಸ್ಪಂದಿಸುವಂತೆ ಮಾಡಿ, ಚಕ್ರ ಸ್ವಲ್ಪ ಸುತ್ತಲೂ ಬಿಡುತ್ತದೆ. ನಮ್ಮ ನಾಡಿನಲ್ಲಿ ಹಿಮ ಬೀಳುವುದಿಲ್ಲವೆಂದು ಹಿಮದ ಮೋಡನ್ನು ಅಲಕ್ಷಿಸಬಾರದು. ಪಾಚಿ ಕಟ್ಟಿದ ಕಲ್ಲು ಹಾಸಿಗೂ ಒದ್ದೆ ಹುಲ್ಲಿನ ಇಳಿಜಾರಿಗೂ ಅದೇ ಹೊಂದುತ್ತದೆ.

ಎರಡನೆಯದು, ಒಂದೊಂದು ಚಕ್ರದ ಬ್ರೇಕ್. ಪ್ರತಿ ಚಕ್ರದ ಬಳಿ ಇರುವ ಸೆನ್ಸರ್ ಆ ಚಕ್ರದ ವೇಗವನ್ನು ಸದಾ ಅಳೆಯುತ್ತಿರುತ್ತದೆ. ಒಂದು ಚಕ್ರ ಉಳಿದವುಗಳಿಗಿಂತ ವೇಗವಾಗಿ ಸುತ್ತತೊಡಗಿದರೆ ಅದಕ್ಕೆ ಮಾತ್ರ ಬ್ರೇಕ್ ಬೀಳುತ್ತದೆ. ಆಗ ಎದುರು ಬದಿಯ ಚಕ್ರಕ್ಕೆ ಶಕ್ತಿ ಹೋಗುತ್ತದೆ.

ಮೂರನೆಯದು, ನಿಲ್ಲಿಸುವ ಬ್ರೇಕ್. 2019ರ ಏಪ್ರಿಲ್‌ನಿಂದ ನಮ್ಮ ದೇಶದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಯಿತು. ಟಾರು ರಸ್ತೆಯಲ್ಲಿ ಚಕ್ರ ಕಟ್ಟಿಹೋಗದಂತೆ ಕಾಯುವ ಈ ವ್ಯವಸ್ಥೆ ಸಡಿಲ ಮಣ್ಣಿನ ಮೇಲೆ ನಿಲ್ಲುವ ದೂರವನ್ನು ಹೆಚ್ಚಿಸುವುದುಂಟು. ಏಕೆಂದರೆ ಸಡಿಲ ಮಣ್ಣಿನಲ್ಲಿ ಕಟ್ಟಿಹೋದ ಚಕ್ರ ತನ್ನ ಮುಂದೆ ಮಣ್ಣನ್ನು ಗುಡ್ಡೆ ಹಾಕಿಕೊಂಡು ಬೇಗ ನಿಲ್ಲುತ್ತದೆ. ಉತ್ತಮ ಮೋಡ್‌ಗಳಲ್ಲಿ ಇದಕ್ಕೆ ತಕ್ಕಂತೆ ಎಬಿಎಸ್‌ನ ನಡವಳಿಕೆಯನ್ನೂ ಬದಲಾಯಿಸಿರುತ್ತಾರೆ.

ಟ್ರ್ಯಾಕ್ಟರ್ ಬಲ್ಲವರಿಗೆ ಹೊಸದಲ್ಲ

ಇದರಲ್ಲಿ ಮಾಯಾಮಂತ್ರ ಯಾವುದೂ ಇಲ್ಲ. ಟ್ರ್ಯಾಕ್ಟರಿನಲ್ಲಿ ಎಡ ಮತ್ತು ಬಲ ಹಿಂಚಕ್ರಗಳಿಗೆ ಬೇರೆ ಬೇರೆ ಬ್ರೇಕ್ ಇರುವುದು ಎಲ್ಲರಿಗೂ ತಿಳಿದಿದೆ. ಉಳುವಾಗ ಒಂದು ಚಕ್ರ ಕೆಸರಿನಲ್ಲಿ ಸುತ್ತಿದರೆ ಅನುಭವಿ ಚಾಲಕ ಆ ಬದಿಯ ಬ್ರೇಕನ್ನು ಮೆಲ್ಲನೆ ಒತ್ತಿ ಇನ್ನೊಂದು ಚಕ್ರದಿಂದ ಮುಂದೆ ಹೋಗುತ್ತಾನೆ; ಇಲ್ಲವೇ ಡಿಫರೆನ್ಷಿಯಲ್ ಲಾಕಿನ ಪೆಡಲ್ ತುಳಿಯುತ್ತಾನೆ. ಹೊಸ ಜೀಪಿನ ಮೋಡ್ ಮಾಡುವುದು ಇದೇ ಕೆಲಸವನ್ನು. ಜೀಪಿನಲ್ಲಿ ನಾಲ್ಕೂ ಚಕ್ರಕ್ಕೆ ಸೇರಿ ಒಂದೇ ಬ್ರೇಕ್ ಪೆಡಲ್ ಇರುವುದರಿಂದ ಎಂತಹ ನಿಪುಣನಿಗೂ ಇದು ಕಾಲಿನಿಂದ ಸಾಧ್ಯವಿಲ್ಲ. ಅನುಭವಿಗೂ ಮೋಡ್ ಉಪಯುಕ್ತ ಎಂದು ನಾನು ಹೇಳುವುದಕ್ಕೆ ಇದೇ ಮುಖ್ಯ ಕಾರಣ.

ಇನ್ನೊಂದು ಹೋಲಿಕೆಯನ್ನೂ ಕೊಡಬಹುದು. ಹ್ಯಾರಿ ಫರ್ಗುಸನ್ 1930ರ ದಶಕದಲ್ಲಿ ಬಳಕೆಗೆ ತಂದ ಹೈಡ್ರಾಲಿಕ್ ವ್ಯವಸ್ಥೆಯಿಂದ ಬಂದ ಡ್ರಾಫ್ಟ್ ಕಂಟ್ರೋಲ್ ಇಂದು ನಮ್ಮ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿದೆ. ನೆಲ ಗಟ್ಟಿಯಾದರೆ ಅದು ತಾನಾಗಿ ನೇಗಿಲನ್ನು ಸ್ವಲ್ಪ ಎತ್ತುತ್ತದೆ, ಮೆತ್ತಗಾದರೆ ಇಳಿಸುತ್ತದೆ. ಹಾಗೆಂದು ಬಿತ್ತನೆ ಕೂರಿಗೆಗೆ ಯಾರೂ ಡ್ರಾಫ್ಟ್ ಕಂಟ್ರೋಲ್ ಹಾಕುವುದಿಲ್ಲ. ಬೀಜ ಒಂದೇ ಆಳಕ್ಕೆ ಬೀಳಬೇಕಾದುದರಿಂದ ಪೊಸಿಷನ್ ಕಂಟ್ರೋಲ್ ಬಳಸುತ್ತೇವೆ. ತಾನಾಗಿ ನಡೆಯುವ ವ್ಯವಸ್ಥೆಯನ್ನು ಯಾವಾಗ ಬಳಸಬೇಕು, ಯಾವಾಗ ಬಿಡಬೇಕು ಎಂಬ ನಿರ್ಧಾರ ಅಂದೂ ಇಂದೂ ಮನುಷ್ಯನದೇ.

ನಾನು ಕಂಡ ಒಂದು ದಿನ

ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳಿನಲ್ಲಿ ಮೂಡಿಗೆರೆ ಕಡೆಯ ಒಂದು ತೋಟಕ್ಕೆ ಕಾಳುಮೆಣಸಿನ ಸೊರಗು ರೋಗ ನೋಡಲು ಹೋಗಿದ್ದೆ. ತೋಟದ ಮಾಲೀಕರು ಹೊಸದಾಗಿ ಮೋಡ್‌ಗಳಿರುವ ವಾಹನ ಕೊಂಡಿದ್ದರು. ಅವರ ಮಗ ನನ್ನೊಡನೆ ಬಂದರು. ಮೂವತ್ತು ವರ್ಷಗಳಿಂದ ಆ ತೋಟದ ಜೀಪು ಓಡಿಸುತ್ತಿದ್ದ ಚಾಲಕರು ಅಂದು ಹೊಸ ಗಾಡಿಯ ಸ್ಟಿಯರಿಂಗ್ ಹಿಡಿದಿದ್ದರು.

ಏರಿನ ನಡುವೆ ಮಳೆ ನೀರು ಕೊರೆದ ಒಂದು ಕೊರಕಲು ಇತ್ತು. ಓರೆಯಾಗಿ ದಾಟುವಾಗ ಒಂದು ಚಕ್ರ ಸುತ್ತಿತು. ಚಾಲಕರು ತಮ್ಮ ರೂಢಿಯಂತೆ ಕೂಡಲೇ ಕಾಲು ತೆಗೆದರು. ಗಾಡಿ ನಿಂತಿತು. ಮತ್ತೆ ಪ್ರಯತ್ನಿಸಿದರು, ಮತ್ತೆ ಹಾಗೆಯೇ ಆಯಿತು. "ಇದಕ್ಕಿಂತ ನಮ್ಮ ಹಳೇ ಜೀಪೇ ವಾಸಿ" ಎಂದರು. ಆಗ ಯುವಕರು, "ಅಣ್ಣಾ, ಚಕ್ರ ಸುತ್ತಿದ್ರೂ ಕಾಲು ತೆಗೀಬೇಡಿ. ಹಾಗೇ ಒಂದೇ ಸಮ ಒತ್ತಿ ಹಿಡೀರಿ, ಬ್ರೇಕು ಅದೇ ಹಿಡ್ಕೊಳ್ಳತ್ತೆ" ಎಂದರು. ಹಾಗೆ ಮಾಡಿದಾಗ ಚಕ್ರ ಒಂದೆರಡು ಸುತ್ತು ಸುತ್ತಿ, ಕೆಳಗಿನಿಂದ ಕಟಕಟ ಸದ್ದು ಬಂದು, ಗಾಡಿ ನಿಧಾನವಾಗಿ ಹತ್ತಿತು. ಸೆನ್ಸರ್‌ಗೆ ಚಕ್ರ ಸುತ್ತುವುದು ತಿಳಿಯಬೇಕಾದರೆ ಚಕ್ರ ಸ್ವಲ್ಪ ಸುತ್ತಲೇಬೇಕು. ಮೂವತ್ತು ವರ್ಷದ ಒಳ್ಳೆಯ ಅಭ್ಯಾಸವೇ ಇಲ್ಲಿ ಅಡ್ಡಿಯಾಗಿತ್ತು.

ಹಿಂದಿರುಗುವಾಗ ಯುವಕರೇ ಗಾಡಿ ತೆಗೆದುಕೊಂಡರು. ಒಂದು ಕಡಿದಾದ ಇಳಿಜಾರಿನ ತಲೆಯಲ್ಲಿ ಚಾಲಕರು, "ಸಣ್ ಗೌಡ್ರೇ, ಆ ಕಡೆ ಬೇಡಿ. ಎಲೆ ಕೆಳಗೆ ಜೇಡಿ ಇದೆ. ಈ ಕಡೆ ಕಲ್ಲಿನ ಮೇಲೆ ಒಂದು ಚಕ್ರ ಹಾಕ್ಕೊಂಡು ಇಳೀರಿ" ಎಂದರು. ಇಳಿಜಾರಿನಲ್ಲಿ ವೇಗವನ್ನು ತಾನೇ ಹಿಡಿಯುವ ಗುಂಡಿ ಒತ್ತಿದ್ದೇನೆ, ಏನೂ ಆಗುವುದಿಲ್ಲ ಎಂದು ಯುವಕರು ನೇರ ಇಳಿದರು. ತರಗೆಲೆಯ ಕೆಳಗಿನ ಒದ್ದೆ ಜೇಡಿಯ ಮೇಲೆ ನಾಲ್ಕು ಚಕ್ರಗಳಿಗೂ ಹಿಡಿತ ತಪ್ಪಿತು. ಬ್ರೇಕು ತನ್ನ ಕೆಲಸ ಮಾಡುತ್ತಲೇ ಇತ್ತು. ಗಾಡಿ ಜಾರುತ್ತಲೇ ಇತ್ತು. ದೇವರ ದಯೆಯಿಂದ ಒಳಬದಿಯ ಧರೆಗೆ ಒರಗಿ ನಿಂತಿತು. ಹೊರಬದಿಯಲ್ಲಿ ಹಳ್ಳವಿತ್ತು. ಅದೇ ದಾರಿಯಲ್ಲಿ ದಿನವೂ ಸಂಜೆ ಹತ್ತು ಹನ್ನೆರಡು ಮಂದಿ ಕೂಲಿಯವರನ್ನು ಕರೆತರುತ್ತಾರೆಂಬುದು ನೆನಪಾಗಿ ನನ್ನ ಎದೆ ನಡುಗಿತು.

ಅಂದು ಹಳಬರಿಗೆ ಹೊಸದು ತಿಳಿದಿರಲಿಲ್ಲ. ಹೊಸಬರು ಹಳೆಯದನ್ನು ಕೇಳಲಿಲ್ಲ. ಇಬ್ಬರ ತಿಳಿವಳಿಕೆಯೂ ಒಬ್ಬರಲ್ಲಿಯೇ ಇದ್ದಿದ್ದರೆ ಎರಡು ತೊಂದರೆಗಳೂ ಆಗುತ್ತಿರಲಿಲ್ಲ.

ಯಂತ್ರಕ್ಕೆ ಕಾಣದ್ದು

ಸೆನ್ಸರ್‌ಗೆ ಚಕ್ರ ಜಾರಿದ ಮೇಲೆ ತಿಳಿಯುತ್ತದೆ. ಅನುಭವಿ ಕಣ್ಣಿಗೆ ಜಾರುವ ಮೊದಲೇ ತಿಳಿಯುತ್ತದೆ. ಕೆಮ್ಮಣ್ಣಿನ ದಾರಿ ಮೊದಲ ಮಳೆಗೆ ಮೇಲೆ ಮಾತ್ರ ನೆನೆದು, ಒಳಗೆ ಗಟ್ಟಿಯಾಗಿ ಉಳಿದಾಗ ಸಾಬೂನಿನಂತೆ ಜಾರುತ್ತದೆ. ಜಂಬಿಟ್ಟಿಗೆ ಕಲ್ಲು ಮೇಲೆ ಬಂದಿರುವ ಕಡೆ ಮಳೆಯಲ್ಲಿಯೂ ಚಕ್ರಕ್ಕೆ ಹಿಡಿತ ಸಿಗುತ್ತದೆ. ಇದನ್ನು ಮಣ್ಣಿನ ಬಣ್ಣ ನೋಡಿಯೇ ಹೇಳುವವರು ನಮ್ಮಲ್ಲಿದ್ದಾರೆ.

ಬಯಲುಸೀಮೆಯ ಎರೆ ಭೂಮಿಯ ವಿಚಾರ ಇನ್ನೂ ಬೇರೆ. ಗದಗ, ರಾಯಚೂರು, ವಿಜಯಪುರ ಕಡೆಯ ಎರೆ ಮಣ್ಣು ನೆನೆದಾಗ ಉಬ್ಬಿ, ಅಂಟಾಗಿ, ಟೈರಿನ ಹಲ್ಲುಗಳ ನಡುವೆ ತುಂಬಿಕೊಳ್ಳುತ್ತದೆ. ಆಗ ಒಳ್ಳೆಯ ಟೈರೂ ನುಣ್ಣನೆಯ ಉರುಳೆಯಾಗುತ್ತದೆ. ಅಂತಹ ನೆಲದಲ್ಲಿ ಯಾವ ಮೋಡ್ ಹಾಕಿದರೂ ಹೆಚ್ಚಿನ ಪ್ರಯೋಜನವಿಲ್ಲ. ಹೊಲ ಆರುವವರೆಗೆ ಕಾಯುವುದೇ ಮೇಲು.

ಹೊಸಬನ ಕೈಗೆ ಮೋಡ್ ಗುಂಡಿ ಸಿಕ್ಕರೆ ಇನ್ನೊಂದು ಅಪಾಯವೂ ಇದೆ. ಮೊದಲು ರಸ್ತೆಯ ಅಂಚಿನಲ್ಲೇ ಹೂತು ನಿಲ್ಲುತ್ತಿದ್ದ ಗಾಡಿ ಈಗ ಇನ್ನಷ್ಟು ಒಳಗೆ, ಎಳೆದು ತರಲು ಟ್ರ್ಯಾಕ್ಟರೂ ಬರಲಾಗದ ಕಡೆ ಹೋಗಿ ಹೂಳುತ್ತದೆ.

ಮಣ್ಣಿನ ದೃಷ್ಟಿಯಿಂದ

ಬೇಸಾಯಶಾಸ್ತ್ರದವನಾಗಿ ನನಗೆ ಮೋಡ್‌ಗಳಲ್ಲಿ ಒಂದು ಗುಣ ಮೆಚ್ಚಿಗೆಯಾಗಿದೆ. ಸುತ್ತುವ ಚಕ್ರ ನೆಲವನ್ನು ಅಗೆಯುತ್ತದೆ. ಇಳಿಜಾರಿನ ತೋಟದ ದಾರಿಯಲ್ಲಿ ಹಾಗೆ ಅಗೆದ ಜಾಡು ಮುಂದಿನ ಮಳೆಗೆ ಕಾಲುವೆಯಾಗುತ್ತದೆ. ಎರಡು ಮಳೆಗಾಲದಲ್ಲಿ ಕೊರಕಲಾಗುತ್ತದೆ. ಆಗುಂಬೆಯಂತಹ ಕಡೆ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಅಂತಹ ಸೀಮೆಯಲ್ಲಿ ಒಂದು ಜಾಡಿನಿಂದ ಎಷ್ಟು ಮೇಲ್ಮಣ್ಣು ಹೋಗಬಹುದೆಂದು ರೈತರೇ ಊಹಿಸಬಹುದು. ಚಕ್ರ ಸುತ್ತುವುದನ್ನು ಬೇಗ ತಡೆಯುವ ವ್ಯವಸ್ಥೆಯಿಂದ ದಾರಿಯೂ ಮಣ್ಣೂ ಉಳಿಯುತ್ತವೆ. ಹೊಲದಲ್ಲಿ ಎಳೆಯುವ ಟ್ರ್ಯಾಕ್ಟರಿನ ಚಕ್ರ ಶೇಕಡಾ 8ರಿಂದ 15ರಷ್ಟು ಜಾರುವುದು ಸಹಜ. ಅದಕ್ಕಿಂತ ಹೆಚ್ಚಿದರೆ ಡೀಸೆಲ್, ಟೈರು, ಮಣ್ಣು ಮೂರೂ ನಷ್ಟವೆಂಬ ತತ್ವವನ್ನು ಇಲ್ಲಿಯೂ ನೆನೆಯಬಹುದು.

ಆದರೆ ಮೋಡ್ ಇದೆಯೆಂದು ಹಸಿ ನೆಲದ ಮೇಲೆ ಗಾಡಿ ಓಡಿಸಿದರೆ ಮಣ್ಣು ಒತ್ತಿ ಗಟ್ಟಿಯಾಗುವುದು ತಪ್ಪುವುದಿಲ್ಲ. ಮೇಲ್ಮಣ್ಣಿನ ಒತ್ತಡ ಮುಖ್ಯವಾಗಿ ಟೈರಿನ ಗಾಳಿಯ ಒತ್ತಡವನ್ನೂ, ಕೆಳಮಣ್ಣಿನ ಒತ್ತಡ ಆಕ್ಸಲಿನ ಮೇಲಿನ ಭಾರವನ್ನೂ ಅವಲಂಬಿಸಿದೆ. ಇವೆರಡನ್ನೂ ಯಾವ ಗುಂಡಿಯೂ ಕಡಿಮೆ ಮಾಡದು.

ಹಣವನ್ನು ಎಲ್ಲಿ ಹಾಕಬೇಕು?

ಮೋಡ್ ಇರುವ ಮಾದರಿಗೆ ಬೆಲೆ ಹೆಚ್ಚು. ಸಣ್ಣ ಹಿಡುವಳಿದಾರರು ಸಾಲ ಮಾಡಿ ಇದನ್ನು ಕೊಳ್ಳುವ ಮೊದಲು ಯೋಚಿಸಬೇಕು. ಮೊದಲು ಬೇಕಾದುದು ಲೋ ಗೇರು ಇರುವ ಗಾಡಿ ಮತ್ತು ನಮ್ಮ ನೆಲಕ್ಕೆ ಒಪ್ಪುವ ಟೈರು. ಆಮೇಲೆ ಡಿಫರೆನ್ಷಿಯಲ್ ಲಾಕು. ಇದರ ಜೊತೆಗೆ ತೋಟದ ದಾರಿಗೆ ಬದಿ ಚರಂಡಿ, ಏರಿನಲ್ಲಿ ಅಲ್ಲಲ್ಲಿ ಅಡ್ಡ ಚರಂಡಿ, ಜೇಡಿ ಇರುವ ಕಡೆ ಕಲ್ಲು ಹಾಸು ಮಾಡಿಸಿದರೆ ಹಳೆಯ ಜೀಪೇ ಸುಖವಾಗಿ ಓಡಾಡುತ್ತದೆ. ಇಷ್ಟೆಲ್ಲ ಆದ ಮೇಲೂ ಅನುಕೂಲವಿದ್ದರೆ ಮೋಡ್ ಇರುವ ಗಾಡಿ ಕೊಳ್ಳುವುದರಲ್ಲಿ ತಪ್ಪಿಲ್ಲ.

ರಿಪೇರಿಯ ವಿಚಾರವನ್ನೂ ಮರೆಯಬಾರದು. ಚಕ್ರದ ಬಳಿಯ ಸೆನ್ಸರ್ ಅಥವಾ ಅದರ ವೈರು ಕೆಟ್ಟರೆ ಎಬಿಎಸ್ ಜೊತೆಗೆ ಮೋಡ್‌ಗಳೂ ಕೆಲಸ ನಿಲ್ಲಿಸಬಹುದು. ಅದನ್ನು ಊರಿನ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಸರಿಪಡಿಸಲಾರ. ಗುಂಡಿ ಕೆಟ್ಟ ದಿನವೂ ಮನೆಗೆ ಮರಳುವಷ್ಟು ಕೈಚಳಕ ಚಾಲಕನಲ್ಲಿ ಇರಲೇಬೇಕು.

ಕೆಲವು ಸಲಹೆಗಳು

1. ಹೊಸ ಗಾಡಿ ಬಂದ ಮೇಲೆ ಅನುಭವಿ ಚಾಲಕರೂ ಒಣ ದಿನದಲ್ಲಿ, ಗೊತ್ತಿರುವ ಸಣ್ಣ ಕೊರಕಲಿನಲ್ಲಿ ಒಂದೊಂದು ಮೋಡನ್ನೂ ಪರೀಕ್ಷಿಸಿ ನೋಡಬೇಕು. ಮಳೆಗಾಲದ ತುರ್ತಿನಲ್ಲಿ ಕಲಿಯಲು ಹೋಗಬಾರದು.

2. ಚಕ್ರ ಸುತ್ತಿದಾಗ ಕಾಲನ್ನು ಒಂದೇ ಸಮ ಹಿಡಿದು ವ್ಯವಸ್ಥೆಗೆ ಕೆಲಸ ಮಾಡಲು ಬಿಡಬೇಕು. ಒಂದೆರಡು ಕ್ಷಣದಲ್ಲಿ ಗಾಡಿ ಮುಂದೆ ಹೋಗದಿದ್ದರೆ ನಿಲ್ಲಿಸಿ, ಹಿಂದೆ ಬಂದು ಬೇರೆ ದಾರಿ ಹಿಡಿಯಬೇಕು. ನಿಂತಲ್ಲೇ ಸುತ್ತಿಸಿ ನೆಲ ಅಗೆಯಬಾರದು.

3. ಎಬಿಎಸ್ ಇರುವ ಗಾಡಿಯಲ್ಲಿ ಬ್ರೇಕನ್ನು ಹಳೆಯ ರೂಢಿಯಂತೆ ಒತ್ತಿ ಬಿಟ್ಟು ಮಾಡಬಾರದು, ಒತ್ತಿ ಹಿಡಿಯಬೇಕು.

4. ಇಳಿಜಾರಿನಲ್ಲಿ ಮೊದಲು ಲೋ ಗೇರು. ವೇಗ ಹಿಡಿಯುವ ಗುಂಡಿ ಅದಕ್ಕೆ ಸಹಾಯಕ ಮಾತ್ರ. ಅನುಮಾನವಿದ್ದರೆ ಇಳಿದು, ನಡೆದು ದಾರಿ ನೋಡಬೇಕು. ಕೂಲಿಯವರಿದ್ದರೆ ಅವರನ್ನು ಇಳಿಸಿ ಗಾಡಿ ದಾಟಿಸಬೇಕು.

5. ಸನ್ನೆಯಿಂದ ಹಾಕುವ ಫೋರ್‌ವೀಲನ್ನು ಒಣ ಟಾರು ರಸ್ತೆಯಲ್ಲಿ ಬಳಸಬಾರದು. ಡಿಫರೆನ್ಷಿಯಲ್ ಲಾಕನ್ನು ತಿರುವಿಗೆ ಮೊದಲು ಬಿಡಿಸಬೇಕು.

6. ಗಾಡಿ ತೊಳೆಯುವಾಗ ಚಕ್ರಗಳ ಒಳಬದಿಯ ಕೆಸರನ್ನೂ ತೊಳೆಯಬೇಕು. ಸೆನ್ಸರ್‌ಗಳು ಇರುವುದು ಅಲ್ಲಿಯೇ.

ಕೊನೆಯ ಮಾತು

ಅನುಭವಿಗೆ ಮೋಡ್ ಬೇಡವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದನ್ನು ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಎಂಬುದನ್ನು ತಿಳಿಯಬಲ್ಲವನು ಅವನೇ. ಹಾಗೆ ನೋಡಿದರೆ ಗುಂಡಿಯಿಂದ ಹೆಚ್ಚು ಕೆಲಸ ತೆಗೆಯಬಲ್ಲವನೂ ಅನುಭವಿಯೇ. ಹೊಸಬನಿಗೆ ಮೋಡ್ ಇದ್ದರೆ ಸಾಕೆಂಬ ಮಾತನ್ನಂತೂ ಸುತರಾಂ ಒಪ್ಪಲಾರೆ.

ನನ್ನ ಚಿಂತೆ ಬೇರೆ. ಮಣ್ಣು ನೋಡಿ ದಾರಿ ಹಿಡಿಯುವ ಆ ಹಳೆಯ ಚಾಲಕರು ಒಬ್ಬೊಬ್ಬರಾಗಿ ಕೆಲಸದಿಂದ ನಿವೃತ್ತರಾಗುತ್ತಿದ್ದಾರೆ. ಅವರು ಬಲ್ಲದ್ದು ಯಾವ ಪುಸ್ತಕದಲ್ಲಿಯೂ ಇಲ್ಲ. ಮುಂದಿನ ಮಳೆಗಾಲಕ್ಕೆ ಮೊದಲು, ತೋಟದ ಮಾಲೀಕರು ತಮ್ಮ ಮಕ್ಕಳನ್ನು ಒಂದು ವಾರ ಅಂತಹ ಚಾಲಕರ ಪಕ್ಕದಲ್ಲಿ ಕೂರಿಸಿ, ಮೋಡ್ ಗುಂಡಿ ಮುಟ್ಟದೆ, ಲೋ ಗೇರಿನಲ್ಲಿ ತೋಟ ಸುತ್ತಿಸಲಿ. ಮಕ್ಕಳು ಅವರಿಗೆ ಹೊಸ ಗಾಡಿಯ ಗುಂಡಿಗಳನ್ನು ಕಲಿಸಲಿ. ಇದಕ್ಕೆ ಡೀಸೆಲ್ಲಿನ ಖರ್ಚು ಬಿಟ್ಟು ಬೇರೆ ಖರ್ಚಿಲ್ಲ. ಇಳಿಜಾರಿನ ದಾರಿಯಲ್ಲಿ ಸಂಜೆ ಮನೆಗೆ ಮರಳುವ ಹತ್ತು ಹನ್ನೆರಡು ಜೀವಗಳ ಬೆಲೆಯ ಮುಂದೆ ಅದು ಯಾವ ಲೆಕ್ಕ?